ಕೊಟ್ಟ ಅಕ್ಷರಗಳೆಲ್ಲ ಅಡಗಿರುವ ಇಂಗ್ಲಿಷ್ ಪದಗಳನ್ನು ಹುಡುಕುವುದು ಹೇಗೆ?

ಪದಕುತೂಹಲಿ:

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಅಕ್ಷರಗಳನ್ನಿಟ್ಟುಕೊಂಡು ಒಗಟು ಹೆಣೆಯುವುದು ನನ್ನ ಹವ್ಯಾಸ. ಕೆಲವು ಅಕ್ಷರಗಳನ್ನು ಕೊಟ್ಟು, ಅವೆಲ್ಲವೂ ಬರುವ ಪದಗಳನ್ನು ಹುಡುಕಿರಿ ಎಂದು ಓದುಗರನ್ನು ಕೇಳುವ ಬಗೆಯ ಒಗಟು ಅದು. ಈಗ ಕೈಗೆತ್ತಿಕೊಂಡಿರುವ ಅಕ್ಷರಗಳು ಜಿ, ಎಚ್, ಎನ್, ಟಿ ಮತ್ತು ವೈ. ಎನ್-ಎ-ಯು-ಜಿ-ಎಚ್-ಟಿ-ವೈ ಎಂದು ಬರೆಯುವ ‘ನಾಟಿ’ ತಕ್ಷಣ ಹೊಳೆಯಿತು. ಎನ್-ಐ-ಜಿ-ಎಚ್-ಟಿ-ಎಲ್-ವೈ ಎಂಬ ‘ನೈಟ್ಲಿ’ ಅದರ ಹಿಂದೆಯೇ ಬಂತು. ಅಲ್ಲಿಗೆ ಬುದ್ಧಿ ಮುಷ್ಕರ ಹೂಡಿತು. ಬಿಡಿಸುವವರಿಗೆ ಎರಡು ಪದ ಸಿಕ್ಕರೂ ಸಂತೋಷವೇ, ಆದರೆ ಒಗಟು ಕೊಡುವವನ ಬಳಿ ಉತ್ತರಗಳ ಪೂರ್ಣ ಪಟ್ಟಿ ಇರಬೇಕಾಗುತ್ತದೆ. ಅದಿಲ್ಲದೆ ‘ಇವುಗಳಲ್ಲಿ ಅತ್ಯಂತ ಚಿಕ್ಕ ಪದ ಯಾವುದು’ ಎಂದು ಕೇಳಲು ಧೈರ್ಯ ಸಾಲುವುದಿಲ್ಲ.

ಜಾಲದಲ್ಲಿ ಸಿಗುವ ಪದಶೋಧಕಗಳಲ್ಲಿ ಇದೇ ಐದು ಅಕ್ಷರಗಳನ್ನು ಕೊಟ್ಟು ನೋಡಿದರೆ, ಒಂದು ಕಡೆ ಉದ್ದನೆಯ ಪಟ್ಟಿ ಬರುತ್ತದೆ. ಮತ್ತೊಂದು ಕಡೆ ಮೂರಕ್ಷರದ ಒಂದೆರಡು ಪದಗಳಷ್ಟೇ ಬರುತ್ತವೆ. ಇನ್ನೊಂದು ಕಡೆ ಏನೂ ಬರುವುದಿಲ್ಲ. ಅಕ್ಷರಗಳು ಅವೇ ಆಗಿರುವಾಗ ಉತ್ತರಗಳು ಇಷ್ಟು ಬೇರೆಯಾಗುವುದೇಕೆ? ಯಾವುದನ್ನು ನಂಬಬೇಕು? ಬಲ್ಲವರು ದಯವಿಟ್ಟು ತಿಳಿಸಬೇಕು.

ಅಡಿಟಿಪ್ಪಣಿ:

ಪದಕುತೂಹಲಿಯವರೇ, ನೀವು ನೋಡಿದ ಮೂರು ಶೋಧಕಗಳೂ ಸರಿಯಾಗಿಯೇ ಉತ್ತರಿಸಿವೆ ಎಂದು ನನಗನ್ನಿಸುತ್ತದೆ, ಏಕೆಂದರೆ ಅವು ಉತ್ತರಿಸಿರುವುದು ಮೂರು ಬೇರೆ ಬೇರೆ ಪ್ರಶ್ನೆಗಳಿಗೆ. ‘ಈ ಅಕ್ಷರಗಳಿರುವ ಪದ’ ಎಂಬ ಮಾತು ಕೇಳಲು ಸ್ಪಷ್ಟವಾಗಿದ್ದರೂ ಅದನ್ನು ಹಲವು ಬಗೆಯಲ್ಲಿ ಅರ್ಥ ಮಾಡಿಕೊಳ್ಳಬಹುದು.

ಕೊಟ್ಟ ಅಕ್ಷರಗಳೆಲ್ಲ ಪದದಲ್ಲಿ ಇರಲೇಬೇಕು, ಜೊತೆಗೆ ಬೇರೆ ಯಾವ ಅಕ್ಷರ ಬಂದರೂ ಅಡ್ಡಿಯಿಲ್ಲ ಎನ್ನುವುದು ಒಂದು ಅರ್ಥ. ನಿಮ್ಮ ಒಗಟಿನ ಉದ್ದೇಶ ಇದೇ. ಪದವನ್ನು ಈ ಅಕ್ಷರಗಳಿಂದ ಮಾತ್ರ ಕಟ್ಟಬೇಕು, ಆದರೆ ಎಲ್ಲವನ್ನೂ ಬಳಸಬೇಕಾಗಿಲ್ಲ ಎನ್ನುವುದು ಇನ್ನೊಂದು. ಅಕ್ಷರದ ಬಿಲ್ಲೆಗಳನ್ನು ಜೋಡಿಸಿ ಪದ ಕಟ್ಟುವ ಸ್ಕ್ರ್ಯಾಬಲ್ ಆಟವನ್ನು ಆಡುವವರಿಗೆ ಬೇಕಾಗುವುದು ಇದು. ಹಾಗೆ ಹುಡುಕಿದರೆ ನಿಮ್ಮ ಐದು ಅಕ್ಷರಗಳಿಂದ ಟಿ-ಎಚ್-ವೈ ಮತ್ತು ಎನ್-ಟಿ-ಎಚ್ ಎಂಬಂತಹ ಪುಟ್ಟ ಪದಗಳನ್ನು ಬಿಟ್ಟು ಹೆಚ್ಚೇನೂ ಹುಟ್ಟುವುದಿಲ್ಲ, ಏಕೆಂದರೆ ವೈ ಒಂದನ್ನುಳಿದು ಅಲ್ಲಿ ಸ್ವರದ ಕೆಲಸ ಮಾಡುವ ಅಕ್ಷರವೇ ಇಲ್ಲ. ಎಲ್ಲ ಅಕ್ಷರಗಳನ್ನೂ ಒಮ್ಮೊಮ್ಮೆ ಬಳಸಬೇಕು, ಹೆಚ್ಚಿನದೊಂದೂ ಇರಕೂಡದು ಎಂದರೆ ಅದು ಅನಾಗ್ರಾಮ್, ಅಂದರೆ ಅಕ್ಷರಪಲ್ಲಟ. ಬಳಕೆಯ ಇಂಗ್ಲಿಷಿನಲ್ಲಿ ನಿಮ್ಮ ಐದಕ್ಕೆ ಅಂತಹ ಪದವಿಲ್ಲ, ಹೀಗಾಗಿ ಮೂರನೆಯ ಶೋಧಕ ಬರಿಗೈ ತೋರಿಸಿದೆ.

ಇವುಗಳ ಮೇಲೆ ಅನುಕ್ರಮದ ಪ್ರಶ್ನೆ ಬೇರೆ ಇದೆ. ‘ನಾಟಿ’ಯಲ್ಲಿ ನಿಮ್ಮ ಅಕ್ಷರಗಳು ಎನ್, ಜಿ, ಎಚ್, ಟಿ, ವೈ ಎಂಬ ಕ್ರಮದಲ್ಲಿ ಬಂದಿವೆ. ಎಲ್-ಇ-ಎನ್-ಜಿ-ಟಿ-ಎಚ್-ವೈ ಎಂಬ ‘ಲೆಂಗ್ತಿ’ಯಲ್ಲಿ ಟಿ ಮತ್ತು ಎಚ್ ಸ್ಥಾನ ಬದಲಿಸಿಕೊಂಡಿವೆ. ಇ-ವಿ-ಇ-ಆರ್-ವೈ-ಟಿ-ಎಚ್-ಐ-ಎನ್-ಜಿ ಎಂದು ಬಿಡಿಸಿ ಬರೆದು ನೋಡಿರಿ: ನಾವು ದಿನನಿತ್ಯ ಬಳಸುವ ‘ಎವ್ರಿಥಿಂಗ್’ನಲ್ಲೂ ಐದೂ ಇವೆ, ಆದರೆ ಅಲ್ಲಿ ವೈ ಮೊದಲು ಬಂದು ಜಿ ಕೊನೆಗೆ ನಿಂತಿದೆ. ಕ್ರಮ ಮುಖ್ಯವೆಂದರೆ ಈ ಮೂರರಲ್ಲಿ ಹೆಚ್ಚೆಂದರೆ ಒಂದು ಮಾತ್ರ ಉತ್ತರವಾಗುತ್ತದೆ, ಮುಖ್ಯವಲ್ಲವೆಂದರೆ ಮೂರೂ ಆಗುತ್ತವೆ. ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡೇ ಬರಬೇಕು ಎಂದರೆ ಅದು ಮತ್ತಷ್ಟು ಬಿಗಿಯಾದ ಷರತ್ತು. ಟಿ-ಸಿ-ಎಚ್-ಪಿ-ಎಚ್-ಆರ್ ಎಂಬ ಆರು ವ್ಯಂಜನಗಳು ಸಾಲಾಗಿ ಬರುವ ಪದ ಯಾವುದು ಎಂದು ಕೇಳಿ, ‘ಕ್ಯಾಚ್‌ಫ್ರೇಸ್’ ಎಂಬ ಉತ್ತರ ಪಡೆಯುವುದು ಆ ಜಾತಿಯ ಒಗಟು.

ಪದಕುತೂಹಲಿ:

‘ಎವ್ರಿಥಿಂಗ್’ ಕಣ್ಣೆದುರಿಗೇ ಇದ್ದರೂ ಕಾಣದೆ ಹೋದದ್ದು ಸೋಜಿಗವೇ ಸರಿ. ನನಗೆ ಬೇಕಿರುವುದು ಮೊದಲನೆಯ ಅರ್ಥ: ಐದೂ ಇರಬೇಕು, ಬೇರೆಯವು ಇದ್ದರೂ ಸರಿ, ಕ್ರಮ ಯಾವುದಾದರೂ ಆಗಬಹುದು. ಇದನ್ನು ಯಂತ್ರದ ನೆರವಿಲ್ಲದೆ ಹುಡುಕುವ ಹದವೇನಾದರೂ ಇದೆಯೇ?

ಏಳುಬಿಲ್ಲೆ:

ಖಂಡಿತ ಇದೆ. ಹಲವು ವರ್ಷಗಳಿಂದ ಸ್ಕ್ರ್ಯಾಬಲ್ ಆಡುತ್ತಿರುವ ನನ್ನ ಅಭಿಪ್ರಾಯದಲ್ಲಿ, ಬಿಡಿ ಅಕ್ಷರಗಳನ್ನು ದಿಟ್ಟಿಸುತ್ತ ಕುಳಿತರೆ ಪದ ಹೊಳೆಯುವುದಿಲ್ಲ. ಯಾವ ಅಕ್ಷರ ಯಾವುದರ ಜೊತೆ ಸೇರಲು ಇಷ್ಟಪಡುತ್ತದೆ ಎಂದು ನೋಡಬೇಕು. ಮೊಂಡು ಅಕ್ಷರಗಳಿಂದ ಆರಂಭಿಸುವುದು ಕ್ಷೇಮ. ನಿಮ್ಮ ಗುಂಪಿನಲ್ಲಿ ಎನ್ ಮತ್ತು ಟಿ ಎಲ್ಲಿ ಬೇಕಾದರೂ ಹೊಂದಿಕೊಳ್ಳುತ್ತವೆ, ಆದರೆ ಎಚ್ ಹಾಗಲ್ಲ. ಇಂಗ್ಲಿಷಿನಲ್ಲಿ ಪದದ ನಡುವೆ ಬರುವ ಎಚ್ ಸಾಮಾನ್ಯವಾಗಿ ಟಿ, ಜಿ, ಸಿ, ಎಸ್, ಪಿ ಇವುಗಳಲ್ಲಿ ಒಂದರ ಬೆನ್ನಿಗೆ ಅಂಟಿಕೊಂಡಿರುತ್ತದೆ. ನಿಮ್ಮಲ್ಲಿ ಟಿ ಮತ್ತು ಜಿ ಎರಡೂ ಇರುವುದರಿಂದ ದಾರಿ ಅಲ್ಲಿಂದಲೇ ಕವಲೊಡೆಯುತ್ತದೆ.

ಜಿ-ಎಚ್-ಟಿ ಎಂದು ಜೋಡಿಸಿದರೆ ‘ಐಟ್’, ‘ಆಟ್’ ಎಂದು ಉಚ್ಚಾರವಾಗುವ ಪದಗಳ ಕುಟುಂಬ ತೆರೆದುಕೊಳ್ಳುತ್ತದೆ. ಕೊನೆಗೆ ವೈ ಇಟ್ಟು ಮುಂದೆಲ್ಲಾದರೂ ಎನ್ ಸಿಗಿಸಿದರೆ ನಾಟಿ, ನೈಟ್ಲಿ, ಕೆ ಅಕ್ಷರದಿಂದ ತೊಡಗುವ ಇನ್ನೊಂದು ನೈಟ್ಲಿ, ಫೋರ್ಟ್‌ನೈಟ್ಲಿ, ಅನ್‌ಸೈಟ್ಲಿ ಇವೆಲ್ಲ ಸಾಲಾಗಿ ಬರುತ್ತವೆ. ಎನ್-ಜಿ ಮತ್ತು ಟಿ-ಎಚ್ ಎಂದು ಎರಡು ಜೋಡಿ ಮಾಡಿದರೆ ‘ಥಿಂಗ್’ ಕಾಣಿಸಿಕೊಳ್ಳುತ್ತದೆ. ವೈ ಎಲ್ಲಿಂದಾದರೂ ಬಂದರೆ ಸಾಕು ಎಂದುಕೊಂಡಾಗ ಎನಿಥಿಂಗ್, ಎವ್ರಿಥಿಂಗ್, ಪ್ಲೇಥಿಂಗ್ ದೊರೆಯುತ್ತವೆ. ಆ ಎರಡು ಜೋಡಿಗಳನ್ನು ಬೆಸೆದು ಎನ್-ಜಿ-ಟಿ-ಎಚ್ ಎಂದರೆ ಲೆಂಗ್ತಿ. ಐ-ಎನ್-ಜಿ-ಎಲ್-ವೈ ಎಂಬ ಬಾಲವನ್ನು ಬದಿಗಿಟ್ಟುಕೊಂಡರೆ ಟಿ ಮತ್ತು ಎಚ್ ಇರುವ ಯಾವ ಕ್ರಿಯಾಪದವಾದರೂ ನಡೆಯುತ್ತದೆ: ಸೂದಿಂಗ್ಲಿ, ಟಚಿಂಗ್ಲಿ, ಹಾಂಟಿಂಗ್ಲಿ. ಕಡೆಯದಾಗಿ ಗ್ರೀಕ್ ಮೂಲದ ಪದಗಳನ್ನು ಮರೆಯಬಾರದು. ವೈ ಮತ್ತು ಎಚ್ ಒಟ್ಟಿಗೆ ಕಂಡಾಗಲೆಲ್ಲ ಆ ಕಡೆಗೆ ಒಮ್ಮೆ ನೋಡುವುದು ನನ್ನ ಅಭ್ಯಾಸ. ಎಥ್ನಾಗ್ರಫಿ ಮತ್ತು ಹಿಪ್ನೊಟೈಸಿಂಗ್ ಎರಡರಲ್ಲೂ ನಿಮ್ಮ ಐದೂ ಇವೆ.

ಬಾಲವನ್ನು ಬದಿಗಿಡುವ ಈ ಉಪಾಯಕ್ಕೆ ಒಂದು ಅಪಾಯವೂ ಇದೆ. ಎ, ಇ, ಜಿ, ಐ, ಎನ್, ಆರ್, ಟಿ ಎಂಬ ಏಳು ಬಿಲ್ಲೆಗಳು ಕೈಯಲ್ಲಿವೆ ಎಂದುಕೊಳ್ಳಿ. ಐ-ಎನ್-ಜಿ ಕಂಡೊಡನೆ ಅದನ್ನು ಬಲಕ್ಕೆ ಸರಿಸಿದರೆ, ಉಳಿದ ಟಿ-ಇ-ಎ-ಆರ್ ಸೇರಿ ‘ಟೇರಿಂಗ್’ ಸಲೀಸಾಗಿ ಸಿಗುತ್ತದೆ. ಆದರೆ ಅದೇ ಏಳರಲ್ಲಿ ‘ಗ್ರ್ಯಾನಿಟ್’ ಇದೆ, ‘ಇನ್‌ಗ್ರೇಟ್’ ಕೂಡ ಇದೆ. ಬಾಲ ಬಲಗಡೆ ಗಟ್ಟಿಯಾಗಿ ಕುಳಿತಿರುವಷ್ಟು ಹೊತ್ತು ಅವೆರಡೂ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಜೋಡಿಸಿದ್ದನ್ನು ಆಗಾಗ ಕಲಕಿ ಹೊಸದಾಗಿ ಹರಡಬೇಕು. ಕಾಗದದ ಮೇಲೆ ಹುಡುಕುವವರು ಅಕ್ಷರಗಳನ್ನು ಸಾಲಾಗಿ ಬರೆಯುವ ಬದಲು ವೃತ್ತಾಕಾರವಾಗಿ ಬರೆದುಕೊಂಡರೆ, ಮೊದಲ ಅಕ್ಷರ ಯಾವುದು ಎಂಬ ಪೂರ್ವಗ್ರಹ ಕಡಿಮೆಯಾಗುತ್ತದೆ.

ಅಡಿಟಿಪ್ಪಣಿ:

ಏಳುಬಿಲ್ಲೆಯವರ ಮಾತಿಗೆ ಒಂದು ಸಣ್ಣ ಸೇರ್ಪಡೆ. ಬರೆದಂತೆಯೇ ಓದುವ ಕನ್ನಡದಲ್ಲಿ ಬೆಳೆದ ನಾವು ಇಂಗ್ಲಿಷ್ ಪದಗಳನ್ನೂ ಕಿವಿಯಿಂದ ಹುಡುಕುತ್ತೇವೆ. ‘ನಾಟಿ’ಯನ್ನು ಕೇಳಿದಾಗ ಜಿ ಮತ್ತು ಎಚ್ ಎರಡೂ ಕಿವಿಗೆ ಬೀಳುವುದಿಲ್ಲ, ‘ನೈಟ್ಲಿ’ಯಲ್ಲಿಯೂ ಅಷ್ಟೇ. ಇಂತಹ ಒಗಟಿಗೆ ಕಣ್ಣಿನ ಸ್ಮರಣೆ ಬೇಕು, ಕಿವಿಯದಲ್ಲ.

ಕಡತಪಾಲಕ:

ಕೈಯಿಂದ ಹುಡುಕುವ ಸೊಗಸು ಅಲ್ಲಗಳೆಯುವಂಥದ್ದಲ್ಲ, ಆದರೆ ಪದಕುತೂಹಲಿಯವರು ಕೇಳಿರುವುದು ಪೂರ್ಣ ಪಟ್ಟಿಯನ್ನು. ಮೇಲೆ ಹೇಳಿದ ಎಲ್ಲ ಕವಲುಗಳನ್ನು ಹತ್ತಿ ಇಳಿದರೂ, ಇನ್ನೊಂದು ಕವಲು ಉಳಿದಿಲ್ಲವೆಂದು ಹೇಳುವ ಮಾರ್ಗ ಕೈಕೆಲಸದಲ್ಲಿ ಇಲ್ಲ. ಪದಪಟ್ಟಿಯ ಕಡತವೊಂದು ಇದ್ದರೆ, ಗ್ರೆಪ್ ಎಂಬ ಆಜ್ಞೆಯಿಂದ ಈ ಕೆಲಸ ಕ್ಷಣದಲ್ಲಿ ಮುಗಿಯುತ್ತದೆ. ಕೆನ್ ಥಾಂಪ್ಸನ್ ಅವರು ಯೂನಿಕ್ಸ್ ಎಂಬ ಕಂಪ್ಯೂಟರ್ ಕಾರ್ಯಾಚರಣೆ ವ್ಯವಸ್ಥೆಗಾಗಿ ಬರೆದ, 1973ರಿಂದ ಬಳಕೆಯಲ್ಲಿರುವ ಈ ಪುಟ್ಟ ಸಾಧನ, ಕೊಟ್ಟ ಮಾದರಿಗೆ ಹೊಂದುವ ಸಾಲುಗಳನ್ನು ಮಾತ್ರ ಕಡತದಿಂದ ಆರಿಸಿ ತೋರಿಸುತ್ತದೆ. ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ ಅದು ಮೊದಲೇ ಇರುತ್ತದೆ.

ಒಂದೇ ಮಾದರಿಯಲ್ಲಿ ಐದೂ ಅಕ್ಷರಗಳನ್ನು ತುರುಕಲು ಹೋಗಬೇಡಿ. ಯಾವ ಕ್ರಮದಲ್ಲಾದರೂ ಬರಬಹುದಾದ ಐದು ಅಕ್ಷರಗಳನ್ನು ಸಾದಾ ಮಾದರಿಯಾಗಿ ಬರೆಯಬೇಕೆಂದರೆ 120 ಅನುಕ್ರಮಗಳನ್ನು ಪಟ್ಟಿ ಮಾಡಬೇಕಾಗುತ್ತದೆ. ಅದರ ಬದಲು ಐದು ಸಲ ಸೋಸಿರಿ: ಮೊದಲ ಗ್ರೆಪ್ ವೈ ಇರುವ ಪದಗಳನ್ನು ಮಾತ್ರ ಬಿಡಲಿ, ಅದರ ಫಲಿತಾಂಶವನ್ನು ಪೈಪ್ (ಒಂದು ಆಜ್ಞೆಯ ಫಲವನ್ನು ಮುಂದಿನ ಆಜ್ಞೆಗೆ ಸಾಗಿಸುವ ಚಿಹ್ನೆ) ಮೂಲಕ ಎಚ್ ಹುಡುಕುವ ಎರಡನೆಯ ಗ್ರೆಪ್‌ಗೆ ಕಳುಹಿಸಿ, ಹೀಗೆ ಐದೂ ಆಗುವವರೆಗೆ ಮುಂದುವರಿಸಿ. ಯಾವ ಅಕ್ಷರದಿಂದ ಆರಂಭಿಸಿದರೂ ಕೊನೆಗೆ ಉಳಿಯುವ ಪಟ್ಟಿ ಒಂದೇ. ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವನ್ನು ಅಳಿಸುವ ಆಯ್ಕೆಯನ್ನು ಸೇರಿಸಿಕೊಳ್ಳಿ.

ಯಾವುದೋ ಅಕ್ಷರ ಇರಬಾರದು ಎನ್ನುವ ಷರತ್ತಿಗೂ ಇದೇ ಸಾಧನ ಸಾಕು, ಏಕೆಂದರೆ ಆಯ್ಕೆಯನ್ನು ತಿರುಗಿಸಿ, ಹೊಂದದ ಸಾಲುಗಳನ್ನು ಮಾತ್ರ ತೋರಿಸು ಎಂದೂ ಹೇಳಬಹುದು. ಕ್ಯೂ ಇದ್ದು ಯು ಇಲ್ಲದ ಪದಗಳನ್ನು ಹೀಗೆ ಸೋಸಿದಾಗ ಫಕೀರ್, ನಿಕಾಬ್, ತಲಾಕ್, ಕನಾತ್ ಎಂಬಂತಹ ಅರಬ್ಬಿ ಮೂಲದ ಪದಗಳ ಸಾಲೇ ಎದುರಾಗುತ್ತದೆ. ಜಾಶ್ ವಾರ್ಡಲ್ ಅವರು ರೂಪಿಸಿ 2021ರಲ್ಲಿ ಎಲ್ಲರಿಗೂ ತೆರೆದ, ಐದಕ್ಷರದ ಪದವನ್ನು ಊಹಿಸುವ ವರ್ಡಲ್ ಆಟವೂ ಇರಬೇಕಾದ ಅಕ್ಷರ, ಇರಬಾರದ ಅಕ್ಷರ, ಇಂಥ ಜಾಗದಲ್ಲೇ ಇರುವ ಅಕ್ಷರ ಎಂಬ ಮೂರು ಬಗೆಯ ಸೋಸುವಿಕೆಯೇ ಆಗಿದೆ.

ಕೋಷ್ಟಕಪ್ರಿಯೆ:

ಆಜ್ಞೆಗಳ ಕಪ್ಪು ಪರದೆ ಕಂಡರೆ ಹಿಂಜರಿಯುವ ನನ್ನಂತಹವರಿಗೆ ಎಕ್ಸೆಲ್ ಸಾಕು. ಪದಪಟ್ಟಿಯನ್ನು ಮೊದಲ ಕಂಬಸಾಲಿಗೆ ಅಂಟಿಸಿ. ಒಂದು ಹಾಳೆಯಲ್ಲಿ 10,48,576 ಅಡ್ಡಸಾಲುಗಳು ಹಿಡಿಯುವುದರಿಂದ ಎಷ್ಟು ದೊಡ್ಡ ಪದಪಟ್ಟಿಯಾದರೂ ಒಳಗೆ ಕೂರುತ್ತದೆ. ನಂತರ ಪ್ರತಿ ಅಕ್ಷರಕ್ಕೂ ಒಂದೊಂದು ಕಂಬಸಾಲು ಮಾಡಿ, ಪದದ ಉದ್ದದಿಂದ ಆ ಅಕ್ಷರವನ್ನು ಅಳಿಸಿದ ಪದದ ಉದ್ದವನ್ನು ಕಳೆಯುವ ಸೂತ್ರ ಬರೆಯಿರಿ. ಉದ್ದ ಅಳೆಯಲು ಲೆನ್, ಅಳಿಸಲು ಸಬ್‌ಸ್ಟಿಟ್ಯೂಟ್ ಎಂಬ ಫಂಕ್ಷನ್‌ಗಳಿವೆ. ಸಬ್‌ಸ್ಟಿಟ್ಯೂಟ್ ದೊಡ್ಡಕ್ಷರ, ಚಿಕ್ಕಕ್ಷರಗಳನ್ನು ಬೇರೆ ಬೇರೆಯಾಗಿ ಕಾಣುವುದರಿಂದ ಪದಗಳನ್ನು ಮೊದಲೇ ಲೋವರ್ ಫಂಕ್ಷನ್‌ನಿಂದ ಚಿಕ್ಕಕ್ಷರಕ್ಕೆ ತಂದುಕೊಳ್ಳಬೇಕು. ಹೀಗೆ ಬರುವ ಸಂಖ್ಯೆ, ಆ ಪದದಲ್ಲಿ ಆ ಅಕ್ಷರ ಎಷ್ಟು ಸಲ ಬಂದಿದೆ ಎಂಬುದರ ಎಣಿಕೆ. ಐದು ಕಂಬಸಾಲುಗಳಲ್ಲೂ ಸೊನ್ನೆಗಿಂತ ಹೆಚ್ಚಿರುವವನ್ನು ಫಿಲ್ಟರ್ ಮಾಡಿದರೆ ಕೆಲಸವಾಯಿತು.

ಇದರಿಂದ ಇನ್ನೊಂದು ಅನುಕೂಲವಿದೆ. ಅಕ್ಷರ ಇದೆಯೋ ಇಲ್ಲವೋ ಎನ್ನುವುದರ ಜೊತೆಗೆ ಎಷ್ಟಿದೆ ಎಂಬುದೂ ಕಾಣುವುದರಿಂದ, ಎರಡು ಎಚ್ ಇರುವ ಪದ ಬೇಕು ಎಂಬಂತಹ ಒಗಟುಗಳಿಗೆ ಅದೇ ಹಾಳೆ ಉಪಯೋಗಕ್ಕೆ ಬರುತ್ತದೆ. ಎಥ್ನಾಗ್ರಫಿ ಅಲ್ಲಿ ಉತ್ತೀರ್ಣವಾಗುತ್ತದೆ, ನಾಟಿ ಆಗುವುದಿಲ್ಲ.

ಅವಿಭಾಜ್ಯ:

ಕೋಷ್ಟಕಪ್ರಿಯೆಯವರು ಎತ್ತಿರುವ ಎಣಿಕೆಯ ವಿಷಯ ಬಹಳ ಮುಖ್ಯವಾದದ್ದು. ಇದಕ್ಕೆ ಗಣಿತದಲ್ಲಿ ಚೆಲುವಾದ ಪರಿಹಾರವೊಂದಿದೆ. ಇಂಗ್ಲಿಷಿನ 26 ಅಕ್ಷರಗಳಿಗೆ ಮೊದಲ 26 ಅವಿಭಾಜ್ಯ ಸಂಖ್ಯೆಗಳನ್ನು ಹಂಚಿಬಿಡಿ: ಎ ಅಕ್ಷರಕ್ಕೆ 2, ಬಿಗೆ 3, ಸಿಗೆ 5, ಡಿಗೆ 7, ಇಗೆ 11, ಹೀಗೆ ಸಾಗಿ ಝಡ್‌ಗೆ 101. ಪದದ ಅಕ್ಷರಗಳ ಬೆಲೆಗಳನ್ನು ಗುಣಿಸಿದರೆ ಆ ಪದದ ಸಂಖ್ಯೆ ಬರುತ್ತದೆ. ಬಿ-ಎ-ಡಿ ಎಂಬ ಪದಕ್ಕೆ 3, 2 ಮತ್ತು 7ರ ಗುಣಲಬ್ಧವಾದ 42. ಡಿ-ಎ-ಬಿ ಎಂಬುದಕ್ಕೂ ಅದೇ 42. ಬಿ-ಇ-ಎ-ಡಿ ಎಂಬ ‘ಬೀಡ್’ನ ಸಂಖ್ಯೆ 462. ಈ 462 ಅನ್ನು 42 ನಿಶ್ಶೇಷವಾಗಿ ಭಾಗಿಸುತ್ತದೆ, ಆದ್ದರಿಂದ ಬೀಡ್‌ನೊಳಗೆ ಬಿ, ಎ, ಡಿ ಮೂರೂ ಇವೆ. ಸಿ-ಎ-ಬಿ ಎಂಬುದರ ಸಂಖ್ಯೆಯಾದ 30ರಿಂದ ಭಾಗಿಸಿದರೆ ಶೇಷ ಉಳಿಯುತ್ತದೆ, ಏಕೆಂದರೆ ಬೀಡ್‌ನಲ್ಲಿ ಸಿ ಇಲ್ಲ.

ಒಂದು ಸಂಖ್ಯೆಯನ್ನು ಅವಿಭಾಜ್ಯಗಳಾಗಿ ಒಡೆಯುವ ಬಗೆ ಒಂದೇ ಆಗಿರುವುದರಿಂದ ಇಲ್ಲಿ ಗೊಂದಲಕ್ಕೆ ಎಡೆಯಿಲ್ಲ. ಮೇಲಾಗಿ ಪುನರಾವರ್ತನೆಯ ಲೆಕ್ಕ ತಾನಾಗಿಯೇ ಸರಿಹೋಗುತ್ತದೆ. ಎರಡು ಡಿ ಬೇಕೆಂದರೆ 49ರಿಂದ ಭಾಗಿಸಬೇಕು. ಮೂರು ಡಿಗಳಿರುವ ‘ಆಡೆಡ್’ನ ಸಂಖ್ಯೆ 7546; ಅದನ್ನು 49 ಭಾಗಿಸುತ್ತದೆ, 462 ಅನ್ನು ಭಾಗಿಸುವುದಿಲ್ಲ.

ಕಡತಪಾಲಕ:

ಸೂತ್ರ ಸೊಗಸಾಗಿದೆ, ಒಪ್ಪುತ್ತೇನೆ. ಆದರೆ ಪದ ಉದ್ದವಾದಂತೆ ಗುಣಲಬ್ಧ ಬೆಳೆದು, ಕಂಪ್ಯೂಟರ್ ಸಹಜವಾಗಿ ನಿಭಾಯಿಸುವ 64 ಬಿಟ್‌ಗಳ (ಬಿಟ್ ಎಂದರೆ 0 ಅಥವಾ 1 ಹಿಡಿಯುವ ಒಂದು ಸ್ಥಾನ) ಮಿತಿಯನ್ನು ದಾಟಬಹುದು. ಆಗ ಉತ್ತರಗಳು ಸದ್ದಿಲ್ಲದೆ ತಪ್ಪುತ್ತವೆ. ಭಾಗಾಕಾರವೂ ನಿಧಾನದ ಕ್ರಿಯೆಯೇ. ಅಕ್ಷರ ಇದೆಯೇ ಇಲ್ಲವೇ ಎಂಬುದಷ್ಟೇ ಪ್ರಶ್ನೆಯಾಗಿದ್ದರೆ 26 ಬಿಟ್‌ಗಳು ಸಾಕು: ಒಂದೊಂದು ಅಕ್ಷರಕ್ಕೂ ಒಂದೊಂದು ಬಿಟ್ ಕಾಯ್ದಿರಿಸಿ, ಪದದಲ್ಲಿ ಇರುವ ಅಕ್ಷರಗಳ ಬಿಟ್‌ಗಳಿಗೆ 1 ಹಾಕಿಟ್ಟುಕೊಂಡರೆ, ಎರಡು ಸಂಖ್ಯೆಗಳ ನಡುವೆ ಎರಡರಲ್ಲೂ 1 ಇರುವ ಬಿಟ್‌ಗಳನ್ನಷ್ಟೇ ಉಳಿಸುವ ಒಂದೇ ಒಂದು ‘ಅಂಡ್’ ಕ್ರಿಯೆಯಿಂದ ಉತ್ತರ ಬರುತ್ತದೆ. ಇದಕ್ಕೆ ಎಣಿಕೆ ತಿಳಿಯದು ಎನ್ನುವುದು ನಿಜ. ‘ಡೆಡ್’ ಮತ್ತು ‘ಆಡೆಡ್’ ಇದರ ಕಣ್ಣಿಗೆ ಒಂದೇ.

ಇವೆರಡರ ನಡುವಣ ದಾರಿಯನ್ನು ನಾನು ಹೆಚ್ಚಾಗಿ ಬಳಸುತ್ತೇನೆ: ಪದದ ಅಕ್ಷರಗಳನ್ನೇ ಅಕಾರಾದಿಯಾಗಿ ಜೋಡಿಸಿಟ್ಟುಕೊಳ್ಳುವುದು. ‘ಲಿಸನ್’ ಮತ್ತು ‘ಸೈಲೆಂಟ್’ ಎರಡನ್ನೂ ಹೀಗೆ ಜೋಡಿಸಿದರೆ ಇ-ಐ-ಎಲ್-ಎನ್-ಎಸ್-ಟಿ ಎಂಬ ಒಂದೇ ಸಾಲು ಬರುವುದರಿಂದ ಅವು ಒಂದರ ಅಕ್ಷರಪಲ್ಲಟ ಇನ್ನೊಂದು ಎಂದು ಗೊತ್ತಾಗುತ್ತದೆ. ಒಳಗೊಳ್ಳುವಿಕೆಯನ್ನೂ ಇದರಿಂದಲೇ ಪರೀಕ್ಷಿಸಬಹುದು. ಎವ್ರಿಥಿಂಗ್ ಜೋಡಿಸಿದಾಗ ಇ-ಇ-ಜಿ-ಎಚ್-ಐ-ಎನ್-ಆರ್-ಟಿ-ವಿ-ವೈ ಆಗುತ್ತದೆ. ಅದರ ಮೇಲೆ ಎಡದಿಂದ ಬಲಕ್ಕೆ ಬೆರಳಾಡಿಸುತ್ತ ಹೋದರೆ ಜಿ, ಎಚ್, ಎನ್, ಟಿ, ವೈ ಅದೇ ಕ್ರಮದಲ್ಲಿ ಸಿಗುತ್ತವೆ, ಎಲ್ಲೂ ಹಿಂದಕ್ಕೆ ಬರಬೇಕಾಗಿಲ್ಲ. ಎರಡು ಎಚ್ ಬೇಕಿದ್ದರೆ ಎಚ್ ಅನ್ನು ಎರಡು ಸಲ ಕೇಳಿದರಾಯಿತು.

ಏಳುಬಿಲ್ಲೆ:

ಸ್ಪರ್ಧೆಗಳಲ್ಲಿ ಆಡುವ ಸ್ಕ್ರ್ಯಾಬಲ್ ಆಟಗಾರರು ಪದಗಳನ್ನು ನೆನಪಿಡುವುದೂ ಹೀಗೆಯೇ. ಎ-ಇ-ಐ-ಎನ್-ಆರ್-ಎಸ್-ಟಿ ಎಂಬ ಏಳು ಅಕ್ಷರಗಳ ಸಾಲನ್ನು ಕಂಡೊಡನೆ ರಿಟೇನ್ಸ್, ರೆಟಿನಾಸ್, ನ್ಯಾಸ್ಟಿಯರ್, ಸ್ಟೇನರ್ ಎಂಬ ಪದಗಳು ಅವರಿಗೆ ಒಟ್ಟಿಗೇ ನೆನಪಾಗುತ್ತವೆ. ಏಳೂ ಬಿಲ್ಲೆಗಳನ್ನು ಒಂದೇ ಸರದಿಯಲ್ಲಿ ಹೂಡಿದರೆ 50 ಅಂಕಗಳ ಹೆಚ್ಚುವರಿ ಲಾಭ ಇರುವಾಗ ಈ ಕಂಠಪಾಠ ವ್ಯರ್ಥವಲ್ಲ.

ಲೆಕ್ಕವೂ ಇದರ ಪರವಾಗಿಯೇ ಇದೆ. ಬೇರೆ ಬೇರೆಯಾದ ಏಳು ಅಕ್ಷರಗಳನ್ನು ಒಂದರಿಂದ ಏಳರವರೆಗಿನ ಉದ್ದದಲ್ಲಿ 13,699 ರೀತಿ ಸಾಲಾಗಿ ಜೋಡಿಸಬಹುದು. ಕ್ರಮವನ್ನು ಮರೆತು ಗುಂಪುಗಳನ್ನಷ್ಟೇ ಎಣಿಸಿದರೆ ಅವು 127 ಮಾತ್ರ. ಹುಡುಕುವುದಾದರೆ ಗುಂಪನ್ನು ಹುಡುಕಬೇಕು, ಸಾಲನ್ನಲ್ಲ.

ಒಗಟಿಗೆ ಅಕ್ಷರಗಳನ್ನು ಆರಿಸುವ ಬಗ್ಗೆಯೂ ಒಂದು ಮಾತು. ಆಲ್ಫ್ರೆಡ್ ಬಟ್ಸ್ ಅವರು ಸ್ಕ್ರ್ಯಾಬಲ್ ಆಟವನ್ನು ರೂಪಿಸುವಾಗ ಪತ್ರಿಕೆಗಳಲ್ಲಿ ಯಾವ ಅಕ್ಷರ ಎಷ್ಟು ಬರುತ್ತದೆಂದು ಎಣಿಸಿ ಬಿಲ್ಲೆಗಳ ಸಂಖ್ಯೆಯನ್ನು ನಿರ್ಧರಿಸಿದರು. 100 ಬಿಲ್ಲೆಗಳಲ್ಲಿ ಇ 12, ಎ ಮತ್ತು ಐ ತಲಾ 9. ಕ್ಯೂ, ಜೆ, ಎಕ್ಸ್, ಝಡ್, ಕೆ ಒಂದೊಂದೇ. ಇ, ಎ, ಐ, ಎನ್, ಆರ್ ಎಂದು ಕೊಟ್ಟರೆ ಉತ್ತರಗಳ ಪ್ರವಾಹವೇ ಹರಿಯುವುದರಿಂದ ಅದು ಒಗಟೆನಿಸುವುದಿಲ್ಲ. ಪದಕುತೂಹಲಿಯವರು ಆರಿಸಿದ ಗುಂಪಿನಲ್ಲಿ ತೀರ ಅಪರೂಪದ ಅಕ್ಷರ ಯಾವುದೂ ಇಲ್ಲದೆಯೇ ಬಿಗಿ ಬಂದಿರುವುದು ನನಗೆ ಹಿಡಿಸಿತು.

ಅಡಿಟಿಪ್ಪಣಿ:

ವಿಧಾನಗಳ ಚರ್ಚೆ ಚೆನ್ನಾಗಿ ನಡೆದಿದೆ, ಆದರೆ ಯಾವ ಪಟ್ಟಿಯ ಮೇಲೆ ಈ ವಿಧಾನಗಳನ್ನು ಪ್ರಯೋಗಿಸುತ್ತೀರಿ ಎಂಬುದು ವಿಧಾನಕ್ಕಿಂತಲೂ ಹೆಚ್ಚು ನಿರ್ಣಾಯಕ. ಮ್ಯಾಕ್ ಮತ್ತು ಯೂನಿಕ್ಸ್ ಬಳಗದ ಬಿಎಸ್‌ಡಿ ಯಂತ್ರಗಳಲ್ಲಿ ಬರುವ ಪದಪಟ್ಟಿಯ ಮೂಲ, ಹಕ್ಕುಸ್ವಾಮ್ಯ ಮುಗಿದಿರುವ 1934ರ ವೆಬ್‌ಸ್ಟರ್ ನಿಘಂಟಿನ ಎರಡನೆಯ ಆವೃತ್ತಿ. ಅದರಲ್ಲಿ ಸುಮಾರು 2 ಲಕ್ಷ 35 ಸಾವಿರ ಪದಗಳಿವೆ. ಈಗ ಯಾರೂ ಬಳಸದ ಪದಗಳು ಧಾರಾಳವಾಗಿವೆ, ಬಹುವಚನಗಳು ಬಹುಪಾಲು ಇಲ್ಲ, ಆಮೇಲೆ ಹುಟ್ಟಿದ ಪದಗಳಂತೂ ಇರಲು ಸಾಧ್ಯವೇ ಇಲ್ಲ. ಎನೇಬಲ್ ಎಂಬ ಮುಕ್ತ ಪಟ್ಟಿಯಲ್ಲಿ 1 ಲಕ್ಷ 72 ಸಾವಿರಕ್ಕೂ ಹೆಚ್ಚು ಪದಗಳಿವೆ. ಪದದಾಟಗಳಿಗೆಂದೇ ಸಿದ್ಧಪಡಿಸಿದ್ದಾದ್ದರಿಂದ ಬಹುವಚನ ಮತ್ತು ಕ್ರಿಯಾರೂಪಗಳೂ ಅದರಲ್ಲಿ ಸೇರಿವೆ. ಕಾಲಿನ್ಸ್‌ನವರು ಸ್ಕ್ರ್ಯಾಬಲ್‌ಗಾಗಿ 2019ರಲ್ಲಿ ಹೊರತಂದ ಪಟ್ಟಿ 2 ಲಕ್ಷ 79 ಸಾವಿರವನ್ನು ದಾಟುತ್ತದೆ. ಎರಡಕ್ಷರದ ಪದಗಳು ಆ ಪಟ್ಟಿಯಲ್ಲಿ 127, ಉತ್ತರ ಅಮೆರಿಕದ ಆಟಗಾರರ 2018ರ ಪಟ್ಟಿಯಲ್ಲಿ 107. ಎರಡೇ ಅಕ್ಷರಗಳ ವಿಷಯದಲ್ಲಿಯೇ ಒಮ್ಮತವಿಲ್ಲದ ಮೇಲೆ ಉದ್ದದ ಪದಗಳ ವಿಷಯದಲ್ಲಿ ಏನು ಹೇಳುವುದು?

ದೊಡ್ಡ ನಿಘಂಟೇ ಪರಮಪ್ರಮಾಣ ಎಂದುಕೊಳ್ಳುವವರಿಗಾಗಿ ಒಂದು ಪ್ರಸಂಗ: ಇದೇ 1934ರ ವೆಬ್‌ಸ್ಟರ್‌ನಲ್ಲಿ, ಸಾಂದ್ರತೆ ಎಂಬ ಅರ್ಥದೊಂದಿಗೆ ‘ಡಾರ್ಡ್’ ಎಂಬ ಪದ ಅಚ್ಚಾಗಿತ್ತು. ಸಾಂದ್ರತೆಯನ್ನು ದೊಡ್ಡ ಡಿ ಅಥವಾ ಚಿಕ್ಕ ಡಿ ಅಕ್ಷರದಿಂದ ಸೂಚಿಸಬಹುದು ಎಂದು ಬರೆದಿದ್ದ ಚೀಟಿಯನ್ನು ಯಾರೋ ಒಂದೇ ಪದವೆಂದು ಓದಿದ್ದರ ಫಲ ಅದು. ಸಂಪಾದಕರ ಗಮನಕ್ಕೆ ಅದು ಬಂದದ್ದು 1939ರಲ್ಲಿ, ಪುಟದಿಂದ ಹೋದದ್ದು 1947ರಲ್ಲಿ. ಪೂರ್ಣ ಪಟ್ಟಿ ಎಂದರೆ ಯಾವಾಗಲೂ ಇಂತಹದೊಂದು ಪಟ್ಟಿಗೆ ಸಂಬಂಧಿಸಿದ ಪೂರ್ಣತೆ ಎಂದಷ್ಟೇ ತಿಳಿಯಬೇಕು.

ಪದಕುತೂಹಲಿ:

ಎಲ್ಲರ ಸಲಹೆಗಳನ್ನೂ ಅನುಸರಿಸಿ, ಎರಡು ಪಟ್ಟಿಗಳನ್ನು ಇಳಿಸಿಕೊಂಡು ಗ್ರೆಪ್‌ನಿಂದ ಸೋಸಿದೆ. ಏಳುಬಿಲ್ಲೆಯವರು ಕೈಯಿಂದ ತೆಗೆದ ಕವಲುಗಳೇ ಫಲಿತಾಂಶದಲ್ಲಿಯೂ ಎದ್ದು ಕಾಣುತ್ತಿವೆ ಎಂಬುದು ಸಮಾಧಾನದ ಸಂಗತಿ. ‘ಅತ್ಯಂತ ಚಿಕ್ಕ ಪದ’ ಎಂಬ ನನ್ನ ಪ್ರಶ್ನೆಗೆ ಆರಕ್ಷರದ ಎರಡು ಪದಗಳು ಎದುರಾದವು: ಟಿ-ಎಚ್-ಐ-ಎನ್-ಜಿ-ವೈ ಎಂಬ ‘ಥಿಂಗಿ’, ಮತ್ತು ಎನ್-ಐ-ಜಿ-ಎಚ್-ಟಿ-ವೈ ಎಂಬ ‘ನೈಟಿ’. ನನ್ನ ಐದಕ್ಕೆ ಐ ಒಂದನ್ನು ಸೇರಿಸಿದರೆ ಎರಡೂ ಆಗುತ್ತವೆ. ಅಂದರೆ ಅವು ಪರಸ್ಪರ ಅಕ್ಷರಪಲ್ಲಟಗಳು! ನೈಟಿಗೆ ಐ-ಇ ಎಂದು ಮುಗಿಯುವ ಇನ್ನೊಂದು ಕಾಗುಣಿತವೂ ಇದೆ, ಅದರಲ್ಲಿ ವೈ ಬರುವುದಿಲ್ಲ. ಆದ್ದರಿಂದ ಯಾವ ನಿಘಂಟು ಯಾವ ಕಾಗುಣಿತವನ್ನು ಒಪ್ಪುತ್ತದೆ ಎಂಬುದರ ಮೇಲೆ ನನ್ನ ಒಗಟಿಗೆ ಒಂದು ಉತ್ತರವೋ ಎರಡೋ ಎಂಬುದು ನಿಂತಿದೆ.

ಒಂದು ತೊಡಕು ಉಳಿದಿದೆ. ವೈ ಅಕ್ಷರದಲ್ಲಿ ಮುಗಿಯುವ ಪದಗಳನ್ನು ಮಾತ್ರ ತೋರಿಸು ಎಂದು ಮಾದರಿಯ ಕೊನೆಗೆ ಡಾಲರ್ ಚಿಹ್ನೆ ಹಾಕಿ ಕೇಳಿದರೆ, ಎರಡನೆಯ ಪಟ್ಟಿಯಲ್ಲಿ ಒಂದೂ ಪದ ಬರುವುದಿಲ್ಲ. ಕಣ್ಣಿಗೆ ಕಾಣುವಂತೆ ಅದರಲ್ಲಿ ನಾಟಿ, ಲೆಂಗ್ತಿ ಎಲ್ಲವೂ ಇವೆ. ಏನಿರಬಹುದು?

ಕಡತಪಾಲಕ:

ಆ ಕಡತ ವಿಂಡೋಸ್ ಯಂತ್ರದಲ್ಲಿ ಉಳಿಸಿದ್ದಿರಬೇಕು. ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಎರಡು ಅದೃಶ್ಯ ಚಿಹ್ನೆಗಳನ್ನು ಇಡುತ್ತದೆ, ಯೂನಿಕ್ಸ್ ಮಾದರಿಯ ಸಾಧನಗಳು ನಿರೀಕ್ಷಿಸುವುದು ಒಂದನ್ನು. ಹೆಚ್ಚುವರಿಯಾಗಿ ಉಳಿದ ಚಿಹ್ನೆ ಪದದ ಕೊನೆಯ ಅಕ್ಷರದಂತೆ ವೈ ನಂತರ ಕುಳಿತಿರುವುದರಿಂದ, ಗ್ರೆಪ್‌ನ ಲೆಕ್ಕದಲ್ಲಿ ಯಾವ ಪದವೂ ವೈಯಲ್ಲಿ ಮುಗಿಯುವುದಿಲ್ಲ. ಆ ಚಿಹ್ನೆಯನ್ನು ಒಮ್ಮೆ ಅಳಿಸಿಬಿಡಿ, ಸರಿಹೋಗುತ್ತದೆ. ಪದದ ಉದ್ದ ಎಣಿಸುವಾಗ ಒಂದು ಅಕ್ಷರ ಹೆಚ್ಚು ಬರುವ ತೊಂದರೆಯೂ ಇದರಿಂದಲೇ ನಿವಾರಣೆಯಾಗುತ್ತದೆ.

ಹಾಗೆಯೇ ಪಟ್ಟಿಯಲ್ಲಿ ಅಪಾಸ್ಟ್ರಫಿ ಇರುವ ಪದಗಳಿವೆಯೇ ನೋಡಿರಿ. ಲಿನಕ್ಸ್‌ನ ಕೆಲವು ಪಟ್ಟಿಗಳಲ್ಲಿ ಷಷ್ಠೀ ವಿಭಕ್ತಿಯ ರೂಪಗಳು ಪ್ರತ್ಯೇಕ ಸಾಲುಗಳಾಗಿ ಸೇರಿಕೊಂಡು ಉತ್ತರಗಳ ಸಂಖ್ಯೆಯನ್ನು ಸುಮ್ಮನೆ ಉಬ್ಬಿಸುತ್ತವೆ. ಐ ಮೇಲೆ ಎರಡು ಚುಕ್ಕಿಗಳಿಟ್ಟು ಬರೆದ ‘ನೈವ್’ನಂತಹ ಪದಗಳು ಇದಕ್ಕೆ ವಿರುದ್ಧವಾದ ಬಗೆಯವು, ಸಾದಾ ಐ ಹುಡುಕಿದಾಗ ಅವು ಸಿಗುವುದೇ ಇಲ್ಲ.

ಪದಕುತೂಹಲಿ:

ಕಡತಪಾಲಕರು ಹೇಳಿದ ಚಿಹ್ನೆಯೇ ಆಗಿತ್ತು. ಅಳಿಸಿದ ಕೂಡಲೇ ಪದಗಳು ಬಂದವು. ಒಗಟಿನ ಜೊತೆಗೆ ಅಚ್ಚಾಗಬೇಕಾದ ನಿಯಮವನ್ನು ಹೀಗೆ ಬರೆದುಕೊಂಡಿದ್ದೇನೆ, ಲೋಪವಿದ್ದರೆ ತಿಳಿಸಿರಿ: “ಜಿ, ಎಚ್, ಎನ್, ಟಿ, ವೈ ಈ ಐದೂ ಅಕ್ಷರಗಳು ಪದದಲ್ಲಿ ತಲಾ ಒಮ್ಮೆಯಾದರೂ ಬರಬೇಕು. ಕ್ರಮ ಯಾವುದಾದರೂ ಆಗಬಹುದು, ಬೇರೆ ಅಕ್ಷರಗಳನ್ನು ಸೇರಿಸಬಹುದು. ಅಂಕಿತನಾಮಗಳು ಮತ್ತು ಅಪಾಸ್ಟ್ರಫಿ ಅಥವಾ ಅಡ್ಡಗೆರೆ ಇರುವ ಪದಗಳು ಸಲ್ಲುವುದಿಲ್ಲ. ಪದವು ಎಂಟು ಅಕ್ಷರಗಳನ್ನು ಮೀರಬಾರದು.”

ಅಡಿಟಿಪ್ಪಣಿ:

ಪ್ರಮಾಣವಾಗಿ ಯಾವ ನಿಘಂಟನ್ನು ಹಿಡಿದಿದ್ದೀರಿ ಎಂಬ ಒಂದು ವಾಕ್ಯವನ್ನೂ ಸೇರಿಸಿರಿ. ನೈಟಿಯ ಎರಡು ಕಾಗುಣಿತಗಳ ತಕರಾರು ಅಲ್ಲಿಗೆ ಮುಗಿಯುತ್ತದೆ. ‘ಅತ್ಯಂತ ಚಿಕ್ಕ ಪದ’ವನ್ನು ಕೇಳುವ ಬದಲು ‘ಒಂದರ ಅಕ್ಷರಪಲ್ಲಟ ಇನ್ನೊಂದಾಗಿರುವ ಆರಕ್ಷರದ ಎರಡು ಪದಗಳು ಯಾವುವು’ ಎಂದು ಕೇಳಿದರೆ ಒಗಟಿಗೆ ಇನ್ನಷ್ಟು ಕಳೆ ಬರುತ್ತದೆಂದು ನನ್ನ ಅನಿಸಿಕೆ.

ಏಳುಬಿಲ್ಲೆ:

ಅಡಿಟಿಪ್ಪಣಿಯವರ ಸಲಹೆಯನ್ನು ಅನುಮೋದಿಸುತ್ತೇನೆ. ಎಂಟಕ್ಷರದ ಮಿತಿ ಹಾಕಿರುವುದರಿಂದ ಐ-ಎನ್-ಜಿ-ಎಲ್-ವೈ ಬಾಲದ ಪದಗಳು ಬಹುಪಾಲು ತಾವಾಗಿಯೇ ಹೊರಗುಳಿಯುತ್ತವೆ, ಎವ್ರಿಥಿಂಗ್ ಕೂಡ ಹತ್ತಕ್ಷರದ್ದಾದ್ದರಿಂದ ಹೋಗುತ್ತದೆ. ಎನಿಥಿಂಗ್ ಮಾತ್ರ ಸರಿಯಾಗಿ ಎಂಟಕ್ಷರವಾಗಿ ಉಳಿದುಕೊಳ್ಳುತ್ತದೆ. ಬಿಡಿಸುವವರಲ್ಲಿ ಹೆಚ್ಚಿನವರು ಅದನ್ನು ಕೊನೆಗೆ ಕಾಣುತ್ತಾರೆ ಎಂದು ನನ್ನ ಊಹೆ. ಮುಂದಿನ ಒಗಟಿಗೆ ಕ್ಯೂ ಇದ್ದು ಯು ಇಲ್ಲದ ಪದಗಳನ್ನು ಆರಿಸಿಕೊಳ್ಳುವುದಾದರೆ ನಿಘಂಟಿನ ಹೆಸರನ್ನು ಇನ್ನೂ ದಪ್ಪ ಅಕ್ಷರಗಳಲ್ಲಿ ಹಾಕಿರಿ, ಏಕೆಂದರೆ ಪಟ್ಟಿಗಳ ನಡುವಣ ಜಗಳ ಅಲ್ಲಿ ಇದಕ್ಕಿಂತ ಜೋರಾಗಿದೆ.